ಮೂರು ತುಂಡು ಬಟ್ಟೆ

೧೯೧೬ನೇ ಇಸವಿ ಅಕ್ಟೋಬರ್ ೧೨, ಗುರುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಕ್ಕೂರಿನ ಬೋರಲಿಂಗಯ್ಯನ ಮನೆಯಲ್ಲಿ ಮೊಮ್ಮಗ ಹುಟ್ಟಿದ. ಹೊತ್ತು ನಿಮಿಷದವರೆಗೆ ತಿಳಿದದ್ದು ಅಕಸ್ಮಾತ್ತು. ಅದೇ ಬೆಳಗ್ಗೆ ಆ ಮನೆಯಲ್ಲಿ ರೇಷ್ಮೆ ಮೊಟ್ಟೆಗಳು ಒಡೆದಿದ್ದವು. ಹಿಂದಿನ ಸಂಜೆಯೇ ಬಂದು ಚಾವಡಿಯಲ್ಲಿ ತಂಗಿದ್ದ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಹೊಸ ಹುಳುಗಳನ್ನು ನೋಡಿ ಅಂಗಳಕ್ಕೆ ಇಳಿಯುತ್ತಿದ್ದರು. ಹಿತ್ತಿಲ ಕಡೆಯಿಂದ ಅಳು ಕೇಳಿತು. ಅವರು ಜೇಬಿನ ಗಡಿಯಾರ ತೆಗೆದು ನೋಡಿ ಹೊತ್ತು ಹೇಳಿದರು.

ಮೊದಲ ಹೆರಿಗೆ ತವರಿನಲ್ಲಾಗಬೇಕಿತ್ತು. ಸೊಸೆ ಬೋರಮ್ಮನಿಗೆ ತಾಯಿ ಇರಲಿಲ್ಲವಾದ್ದರಿಂದ ಅತ್ತೆಯ ಮನೆಯಲ್ಲೇ ಆಯಿತು. ಮೈಲಿಗೆಯ ಬಾಣಂತಿ ಹುಳುಮನೆಯ ಗೋಡೆಯನ್ನೂ ಮುಟ್ಟಬಾರದು. ಹಿತ್ತಿಲ ಜಗಲಿಗೆ ಒಂದು ತಟ್ಟಿ ಕಟ್ಟಿ ಅವಳಿಗೆ ಮರೆ ಮಾಡಿದ್ದರು. ಮಗು ಅಲ್ಲಿ ಹುಟ್ಟಿತು, ಹುಳುಗಳು ಒಳಕೋಣೆಯಲ್ಲಿ.

ಅತ್ತೆ ಶಿವಲಿಂಗಮ್ಮ ಹಳೆಯ ಸೀರೆಯೊಂದರಿಂದ ಮೂರು ತುಂಡು ಹರಿದು ತಂದಿಟ್ಟಳು.

ಸೂಲಗಿತ್ತಿ ಸಣ್ಣತಾಯಮ್ಮ ತುಂಡುಗಳನ್ನು ಎಣಿಸಿದಳು. "ಇದೇನಕ್ಕ, ಮೂರು? ಹನ್ನೆರಡಾದ್ರೂ ಬೇಕು. ಮಗೀಗೆ ಒಂದ್ ಕಡೆ ಕುಡಿಯಾದು, ಒಂದ್ ಕಡೆ ಬುಡಾದು, ಅಷ್ಟೇಯಾ ಕೆಲ್ಸ."

"ನಾನು ಏಳು ಹೆತ್ತಿವ್ನಿ. ಎಲ್ಲಾ ಮೂರೇ ಬಟ್ಟೇಲಿ. ಒಂದು ಮಗಿನ್ ಮ್ಯಾಲೆ, ಒಂದು ನೀರ್ನಾಗೆ, ಒಂದು ಬಿಸ್ಲಾಗೆ."

"ಏಳ್ರಲ್ಲಿ ಉಳ್ದೋನು ನಿನ್ ಚೆಲುವಯ್ಯ ಒಬ್ನೇ ಅಲ್ವಾ?"

"ಉಳ್ದೋನು ಗಟ್ಟಿಮುಟ್ಟಾಗವ್ನೆ," ಎಂದಳು ಶಿವಲಿಂಗಮ್ಮ.

ಸಣ್ಣತಾಯಮ್ಮ ಬಾಣಂತಿಗೆ ಕೆಲಸ ಕಲಿಸಿದಳು. ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಸುವುದು, ಅಗಲದ ಅಂಚು ಸೊಂಟಕ್ಕೆ, ಚೂಪು ಮೂಲೆ ಕಾಲುಗಳ ನಡುವಿನಿಂದ ಮೇಲಕ್ಕೆ. ಉಡಿದಾರಕ್ಕೆ ಸಿಕ್ಕಿಸುವಾಗ ಒಂದು ಬೆರಳು ಆಡುವಷ್ಟು ಸಡಿಲ ಇರಬೇಕು, ಹೊಕ್ಕುಳ ಮುಚ್ಚಬಾರದು. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬೂದಿನೀರಿನಲ್ಲಿ ಕುದಿಸಿ, ಬೂದಿಯ ಜಾರು ಹೋಗುವ ತನಕ ಮೂರು ನೀರಿನಲ್ಲಿ ತೊಳೆಯಬೇಕು. "ಆದ್ರೆ ಎಲ್ಲಕ್ಕಿಂತ ದೊಡ್ಡದು ಒಣಗ್ಸಾದು ಕಣವ್ವ. ಹಸಿ ಬಟ್ಟೆ ಅಂದ್ರೆ ಮೈಗೆ ಹಚ್ಚಿದ್ ಬೆಂಕಿ."

ಬೋರಮ್ಮ ಒಂದೇ ದಿನದಲ್ಲಿ ಕಲಿತಳು. ಬಟ್ಟೆ ಮಾತ್ರ ಹೆಚ್ಚಲಿಲ್ಲ.

ಮಗು ದಿನಕ್ಕೆ ಹದಿನೆಂಟು ಸಲ ಒದ್ದೆ ಮಾಡುತ್ತಿತ್ತು. ಅದು ಜಡಿಮಳೆಯ ತಿಂಗಳು. ಸೂರಿನಡಿ ಹಾಕಿದ ಬಟ್ಟೆ ಬೆಳಗಿನಿಂದ ಸಂಜೆಯವರೆಗೂ ಹಸಿಯಾಗಿಯೇ ಇರುತ್ತಿತ್ತು. ಹಿತ್ತಿಲ ಒಲೆಗೆ ದಿನಕ್ಕೆ ಒಂದು ಕುದಿಗಾಗುವಷ್ಟೇ ಸೌದೆ ಸಿಗುತ್ತಿತ್ತು. ಎಂದರೆ ದಿನಕ್ಕೆ ಮೂರು ಸಲ ಮಗುವಿಗೆ ಒಣಬಟ್ಟೆ ಸಿಕ್ಕರೆ ಹೆಚ್ಚು. ಉಳಿದ ಹದಿನೈದು ಸಲ ಹಿಂಡಿದ ಹಸಿಬಟ್ಟೆ. ಬೋರಮ್ಮನಿಗಿದ್ದದ್ದು ಎರಡು ಸೀರೆ, ಎರಡೂ ಅವಳ ಮೈಮೇಲೆ ಸರದಿಯಲ್ಲಿ ಒಣಗುತ್ತಿದ್ದವು. ಗಂಡನ ಹಳೆಯ ಪಂಚೆ ಕೇಳಿದಳು.

"ಅವ್ವನ್ ಕೇಳು," ಎಂದ ಚೆಲುವಯ್ಯ. "ಹುಳ ಗೂಡ್ ಕಟ್ಬುಡ್ಲಿ, ಆಮ್ಯಾಕೆ ನೋಡಾನ."

ಹುಳುಮನೆಯಲ್ಲಿ ಅಗ್ಗಿಷ್ಟಿಕೆ ಆರುತ್ತಿರಲಿಲ್ಲ. ಇನ್ಸ್‌ಪೆಕ್ಟರು ಅಲ್ಲೊಂದು ಉಷ್ಣಮಾಪಕ ನೇತುಹಾಕಿ, ಫ್ಯಾರನ್‌ಹೀಟ್ ಎಂಬತ್ತರ ಗೆರೆಯ ಪಕ್ಕ ಸುಣ್ಣದ ಗುರುತು ಇಟ್ಟಿದ್ದರು. ಪಾದರಸ ಆ ಗುರುತಿನಿಂದ ಇಳಿದರೆ ಬೋರಲಿಂಗಯ್ಯ ತಾನೇ ಎದ್ದು ಕೆಂಡ ಕೆದಕುತ್ತಿದ್ದ. ಹಿತ್ತಿಲ ಜಗಲಿಗೆ ಉಷ್ಣಮಾಪಕ ಇರಲಿಲ್ಲ.

ಹನ್ನೊಂದನೇ ದಿನ ಸೂತಕ ಕಳೆಯಿತು. ಹುಳು ಗೂಡು ಕಟ್ಟುವ ತನಕ ಬಾಣಂತಿ ಒಳಗೆ ಹೋಗುವಂತಿರಲಿಲ್ಲ, ಆದರೆ ಹೊರಗಿನ ಕೆಲಸಕ್ಕೆ ಅವಳನ್ನು ಹಚ್ಚಿದರು. ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪು ಬಾಡದಂತೆ ನೀರು ಚಿಮುಕಿಸಿ, ಬುಟ್ಟಿಗಳಿಗೆ ಹಸಿಬಟ್ಟೆ ಹೊದಿಸುವುದು. ಬುಟ್ಟಿ ಮೂರು, ಬಟ್ಟೆ ಒಂಬತ್ತು. ಎಲ್ಲವೂ ಹಳೆಯ ಸೀರೆಯವು, ಹತ್ತು ವರ್ಷ ಒಗೆದು ಬೆಣ್ಣೆಯಂತಾಗಿದ್ದವು. ದಿನಕ್ಕೆ ನಾಲ್ಕು ಸಲ ಆ ಒಂಬತ್ತನ್ನೂ ಬೋರಮ್ಮ ತನ್ನ ಕೈಯಾರೆ ಅದ್ದಿ ಹಿಂಡುತ್ತಿದ್ದಳು.

ಹದಿನಾರನೇ ದಿನಕ್ಕೆ ಮಗುವಿನ ತೊಡೆಸಂದಿ ಕೆಂಪಾಯಿತು. ಹದಿನೆಂಟನೇ ದಿನ ಸಿಪ್ಪೆ ಕಿತ್ತು ನೀರು ಒಸರಿತು. ಹತ್ತೊಂಬತ್ತನೇ ದಿನ ಬಟ್ಟೆ ಬಿಚ್ಚಿದರೆ ಚರ್ಮ ಬಟ್ಟೆಯ ಜೊತೆ ಬಂತು.

"ಅತ್ತೆ, ಬುಟ್ಟಿ ಬಟ್ಟೇಲಿ ಎರಡು ಕೊಡಿ. ನಿಮ್ ಕಾಲಿಗ್ ಬೀಳ್ತೀನಿ."

"ಸೊಪ್ಪು ಬಾಡಿದ್ರೆ ಹುಳ ಸಾಯ್ತವೆ."

"ಹಂಗಾರೆ ಈ ಮೂರನ್ನೇ ಅಗ್ಗಿಷ್ಟಿಕೆ ಮ್ಯಾಲೆ ಒಸಿ ಹೊತ್ತು ಹಾಕ್ಕೊಡಿ."

"ಉಚ್ಚೆ ಬಟ್ಟೆಯಾ? ಹುಳದ್ ಮನೇಲಿ?" ಶಿವಲಿಂಗಮ್ಮ ಮಗುವಿನ ಕಡೆ ಬಗ್ಗಿ ನೋಡಿದಳು. "ಮಗೀಗೆ ಅಳಾಕ್ ಬಾಯ್ ಐತೆ. ಹುಳಕ್ಕೆ ಅದೂ ಇಲ್ಲ ಕಣೇ. ನಾವೇ ನೋಡ್ಕಬೇಕು."

ಹುಳ ಸಾಕುವ ಪ್ರತಿಯೊಂದು ಮನೆಗೂ ತಿಳಿದ ಒಂದು ಸಂಗತಿಯಿದೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಎಲೆ ಮುಟ್ಟಿದರೂ ಹುಳ ಉಳಿಯುವುದಿಲ್ಲ. ಶಿವಲಿಂಗಮ್ಮನಿಗೆ ಹೊಗೆಸೊಪ್ಪಿಲ್ಲದೆ ಬಾಯಿ ಆಡುತ್ತಿರಲಿಲ್ಲ. ಆದ್ದರಿಂದ ಒಳಗೆ ಹೋಗುವ ಮುನ್ನ ಎಲೆಯಡಿಕೆ ಸಂಚಿಯನ್ನು ಜಗಲಿಯ ಗೂಟಕ್ಕೆ ನೇತುಹಾಕಿ, ಬಾಯಿ ಮುಕ್ಕಳಿಸಿ, ಬೂದಿ ಹಚ್ಚಿ ಮೂರು ಸಲ ಕೈ ತೊಳೆಯುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ನವೆಂಬರ್ ಒಂದರಂದು ಮಧ್ಯಾಹ್ನ ಅವಳು ಹಾಗೆಯೇ ತೊಳೆದುಕೊಂಡು ಒಳಗೆ ಹೋದಳು. ಹುಳುಗಳು ಪೊರೆ ಬಿಡುವ ನಾಲ್ಕನೇ ನಿದ್ದೆಯಿಂದ, ಸಾಕುವವರ ಮಾತಿನ ಜ್ವರದಿಂದ, ಎದ್ದು ಹಸಿದಿದ್ದವು. ಬೋರಮ್ಮ ಮಗುವನ್ನು ತಟ್ಟಿಯ ಪಕ್ಕ ಮಲಗಿಸಿದಳು. ಗೂಟದ ಸಂಚಿಯಿಂದ ಅಂಗೈಯಗಲದ ಹೊಗೆಸೊಪ್ಪು ತೆಗೆದು, ಚಿಮುಕಿಸುವ ನೀರಿನ ಮಡಕೆಯಲ್ಲಿ ಹಾಕಿ ಹಿಸುಕಿದಳು. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ಸೊಪ್ಪಿನ ಚರಟವನ್ನು ತಿಪ್ಪೆಯಲ್ಲಿ ಹೂತು, ಮೂರು ಬುಟ್ಟಿಗೂ ಆ ನೀರನ್ನು ಚಿಮುಕಿಸಿ, ಬಟ್ಟೆ ಹೊದಿಸಿ, ಗಂಡನನ್ನು ಕೂಗಿ ಬುಟ್ಟಿ ಒಳಗೆ ಕೊಟ್ಟಳು.

ಹುಳುಗಳು ಮೊದಲು ತಿಂದವು. ಅರ್ಧ ಗಂಟೆಯಲ್ಲಿ ತಲೆ ಮೇಲೆತ್ತಿ ಒಂದೇ ಸಮನೆ ಆಡಿಸತೊಡಗಿದವು. ಆಮೇಲೆ ಕಂದು ರಸ ಕಕ್ಕಿ, ಮೈ ಮುದುರಿ, ಮೇಲಿನ ಬಿದಿರ ತಟ್ಟೆಯಿಂದ ಕೆಳಗಿನ ತಟ್ಟೆಗೆ ಉದುರಿದವು. ಹದಿನೆಂಟು ಸಾವಿರದಷ್ಟು ಹುಳು. ಎಲೆ ತಿನ್ನುವಾಗ ಜಡಿಮಳೆಯಂತೆ ಕೇಳುತ್ತಿದ್ದ ಆ ಕೋಣೆಯ ಸದ್ದು ಸಂಜೆಗೆ ಪೂರ್ತಿ ನಿಂತಿತು.

ಮರುದಿನ ಬೆಳಗ್ಗೆ ಸುದ್ದಿ ಕೇಳಿ ಇನ್ಸ್‌ಪೆಕ್ಟರು ಬಂದು ಒಂದು ಎಲೆಯನ್ನು ಮೂಗಿಗೆ ಹಿಡಿದರು. "ಹೊಗೆಸೊಪ್ಪು," ಎಂದರು.

ಎಲ್ಲರ ಕಣ್ಣೂ ಗೂಟದ ಸಂಚಿಯ ಕಡೆ ಹೋಯಿತು.

"ಮೂರ್ ಸರ್ತಿ ತೊಳ್ದಿವ್ನಿ!" ಶಿವಲಿಂಗಮ್ಮ ಕೂಗಿದಳು. "ಕೆಂಗಲ್ ಹನುಮಂತ್ರಾಯನಾಣೆ, ಬೂದಿ ಹಚ್ಚಿ ತೊಳ್ದಿವ್ನಿ!"

"ಬೂದಿ ಹಾಕ್ದೆ ನನ್ ಬಾಳ್ಗೆ," ಎಂದು ಬೋರಲಿಂಗಯ್ಯ ಸಂಚಿ ಕಿತ್ತು ತಿಪ್ಪೆಗೆ ಎಸೆದ. ಹೆಂಡತಿಯ ಎರಡೂ ಮುಂಗೈ ಹಿಡಿದು ಎಳೆತಂದು, ಬೆರಳುಗಳನ್ನು ಹುಳುಮನೆಯ ಹೊಸ್ತಿಲ ಕಲ್ಲಿಗೆ ಉಜ್ಜಿದ, ಗೆಣ್ಣು ತರಚಿ ರಕ್ತ ಬರುವ ತನಕ. "ಇನ್ನು ಈ ಕೈ ಈ ಹೊಸ್ತಿಲು ದಾಟ್ಕೂಡ್ದು. ಹಿತ್ಲಾಗ್ ಬಿದ್ದಿರು."

ಚೆಲುವಯ್ಯ ನೆಲ ನೋಡುತ್ತಿದ್ದ. "ಬುಡಪ್ಪ," ಎಂದ, ಒಂದೇ ಸಲ.

ಶಿವಲಿಂಗಮ್ಮ ಸೊಸೆಯ ಕಡೆ ತಿರುಗಿದಳು. "ನೀನು ಅಲ್ಲೇ ಇದ್ದಲ್ಲವ್ವ. ನಾ ಕೈ ತೊಳ್ದಿದ್ದ ನೀ ನೋಡ್ದೆ. ಒಸಿ ಹೇಳವ್ವ ನಿಮ್ ಮಾವಂಗೆ."

ಆ ಮನೆಗೆ ಬಂದ ಎರಡು ವರ್ಷದಲ್ಲಿ ಅತ್ತೆ ಅವಳನ್ನು ಅವ್ವ ಎಂದದ್ದು ಅದೇ ಮೊದಲು.

"ನಾ ನೋಡ್ನಿಲ್ಲ ಅತ್ತೆ," ಎಂದಳು ಬೋರಮ್ಮ. "ಮಗಿನ್ ಬಟ್ಟೆ ಮಡಿಸ್ತಿದ್ದೆ."

ಶಿವಲಿಂಗಮ್ಮ ಹಿತ್ತಿಲ ಜಗಲಿಗೆ ಹೋಗಿ ಕೂತಳು. ರಕ್ತದ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು, ಮತ್ತೆ ಮೂಸಿದಳು. "ತೊಳ್ದಿದ್ನಾ?" ಎಂದು ತನ್ನನ್ನೇ ಕೇಳಿಕೊಂಡಳು. ಎರಡನೇ ಸಲ ಕೇಳುವಾಗ ಅವಳ ದನಿಯಲ್ಲಿ ಮೊದಲಿನ ನಂಬಿಕೆ ಇರಲಿಲ್ಲ.

ಸತ್ತ ಹುಳುಗಳನ್ನು ಅಪ್ಪ ಮಗ ತಟ್ಟೆ ತಟ್ಟೆಯಾಗಿ ಗುಂಡಿಗೆ ಸುರಿದರು. ಕೋಣೆ ಬರಿದಾಯಿತು. ಅಗ್ಗಿಷ್ಟಿಕೆಯಲ್ಲಿ ಕೆಂಡ ಇನ್ನೂ ಇತ್ತು.

"ಮಾವ, ಮಗಾನ ಒಳೀಕ್ ಕರ್ಕಂಡ್ ಬರ್ಲಾ?"

ಬೋರಲಿಂಗಯ್ಯ ಅವಳ ಮುಖ ನೋಡಲಿಲ್ಲ. "ಇನ್ನೇನೈತೆ ಒಳೀಕೆ, ಬಾ."

ಅವಳು ಮಗುವನ್ನು ಒಳಗೆ ತಂದಳು. ಬುಟ್ಟಿಯ ಒಂಬತ್ತು ಬಟ್ಟೆಗಳಿಗೆ ಹಿತ್ತಿಲ ಒಲೆಯಲ್ಲಿ ಬೂದಿನೀರು ಇಟ್ಟಳು. ಅವನ್ನು ಒಂದಲ್ಲ, ಮೂರು ಸಲ ಕುದಿಸಬೇಕೆಂದು ಅವಳಿಗೆ ಗೊತ್ತಿತ್ತು. ಮಗುವಿನ ಹಳೆಯ ಮೂರು ತುಂಡುಗಳಲ್ಲಿ ಒಂದನ್ನು ಹಿಂಡಿ, ಅಗ್ಗಿಷ್ಟಿಕೆಯ ಮೇಲಿನ ಗಳಕ್ಕೆ ಹರಡಿದಳು.

ಇನ್ಸ್‌ಪೆಕ್ಟರು ಮೂಲೆಯಲ್ಲಿ ಮಣೆಯ ಮೇಲೆ ಕೂತು ವರದಿ ಬರೆಯುತ್ತಿದ್ದರು. ತಲೆಯೆತ್ತಿ ಮಗುವಿನ ತೊಡೆ ನೋಡಿದರು. ಬೋರಮ್ಮನ ಉಗುರುಗಳ ಸಂದಿಯ ಕಂದು ಬಣ್ಣ ನೋಡಿದರು. ಪೆನ್ನು ಮಸಿಗೆ ಅದ್ದಿ, 'ಕಾರಣ: ಹೊಗೆಸೊಪ್ಪು. ತಗುಲಿದ ಬಗೆ: ತಿಳಿಯಲಿಲ್ಲ' ಎಂದು ಬರೆದು ಗಡಿಯಾರ ನೋಡಿದರು. ಹಿತ್ತಿಲಿನಿಂದ ಶಿವಲಿಂಗಮ್ಮ ನೀರು ಸುರಿದುಕೊಂಡು ಕೈ ಉಜ್ಜುವ ಸದ್ದು ಬರುತ್ತಿತ್ತು. ನಿಂತು, ಮತ್ತೆ ಶುರುವಾಗುತ್ತಿತ್ತು.

ಬೋರಮ್ಮ ಬಟ್ಟೆಯನ್ನು ಗಳದಿಂದ ಇಳಿಸಿ ಕೆನ್ನೆಗೆ ಒತ್ತಿ ನೋಡಿದಳು. ಮೂಲೆಯಿಂದ ಮೂಲೆಗೆ ಮಡಿಸಿ, ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟು, ಮಗುವಿಗೆ ಕಟ್ಟಿದಳು. ಮಗು ಅಳಲಿಲ್ಲ.

ಇನ್ಸ್‌ಪೆಕ್ಟರು ಮತ್ತೊಮ್ಮೆ ಗಡಿಯಾರ ನೋಡಿದರು. ಬಟ್ಟೆ ಒಣಗಲು ಹಿಡಿದದ್ದು ನಲವತ್ತೆರಡು ನಿಮಿಷ.