ಕೆಂಪು ಚುಕ್ಕೆಯ ಪಂಪುಗಳು

ತೊಂಬತ್ತೆಂಟರ ಮುಂಗಾರಿಗೆ ಮುಂಚೆ, ಕೆಟ್ಟು ವಾಪಸ್ ಬಂದ ಪಂಪುಗಳನ್ನೆಲ್ಲ ಯೋಗಾನಂದ ತನ್ನ ಅಂಗಡಿಯ ಜಗಲಿ ಮೇಲೆ ಸಾಲಾಗಿ ನಿಲ್ಲಿಸಿದ. ಕಾಫಿ ಗಿಡಕ್ಕೆ ಮೈಲುತುತ್ತ ಹೊಡೆಯುವ ಪಂಪುಗಳು. ರಿಪೇರಿ ಮಾಡಿದವರು ತಮ್ಮ ಬಣ್ಣದ ಚುಕ್ಕೆ ಇಡಬೇಕು, ಅದು ಸಕಲೇಶಪುರದ ಆ ಅಂಗಡಿಯ ಪದ್ಧತಿ. ಅಲ್ಲಿ ರಿಪೇರಿ ಮಾಡುತ್ತಿದ್ದ ನಮ್ಮ ಮನೆ ಯಜಮಾನರದು ಕೆಂಪು, ಜೊತೆಗಾರ ಕುಮಾರನದು ನೀಲಿ. ಸಾಲಿನ ತುಂಬ ಕೆಂಪೇ, ಹತ್ತು; ನೀಲಿ ಎರಡೇ ಎರಡು.

“ನೋಡು ದೇವೀರಪ್ಪ, ಕೆಟ್ಟು ಬಂದಿರೋವೆಲ್ಲ ನಿನ್ನ ಕೈಯವೇ. ನಿನ್ನ ಕೈಗುಣ ಹೋಗ್ಬುಟ್ಟೈತೆ,” ಎಂದು ತೋಟದವರ ಎದುರೇ ಅಂದುಬಿಟ್ಟ. ಇಪ್ಪತ್ತು ವರ್ಷದಿಂದ ಅಲ್ಲೇ ದುಡಿದ ನಮ್ಮವರು ಸ್ಪ್ಯಾನರ್ ಕೆಳಗಿಟ್ಟು ನಮ್ಮೂರು ಮಗ್ಗೆಯ ಬಸ್ಸು ಹತ್ತಿದರು.

ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಹಾಸನದಲ್ಲಿ ಡಿಗ್ರಿ ಓದುತ್ತಿದ್ದ ಮಗಳು ತನುಜಾ ಮಾತ್ರ ಸಮಾಧಾನದಿಂದ ಕೇಳಿದಳು: “ಅಪ್ಪ, ಈ ವರ್ಷ ನೀನು ಎಷ್ಟು ರಿಪೇರಿ ಮಾಡ್ದೆ? ಕುಮಾರಣ್ಣ ಎಷ್ಟು?”

“ನಂದು ಇನ್ನೂರಾದ್ರೂ ಆಗಿರ್ತಾವೆ. ಅವನದು ಇಪ್ಪತ್ತು.”

“ನಿಂದು ಹತ್ತು ವಾಪಸ್ ಬಂದ್ವು, ಅವನದು ಎರಡು. ನೀನು ಮಾಡಿದ್ರಲ್ಲಿ ಕೆಡೋದು ಇಪ್ಪತ್ತಕ್ಕೊಂದು, ಅವನು ಮಾಡಿದ್ರಲ್ಲಿ ಹತ್ತಕ್ಕೊಂದು. ಸಾವ್ಕಾರ್ರು ಲೆಕ್ಕಾನ ತಲೆಕೆಳಗು ಮಾಡವ್ರೆ ಕಣಪ್ಪ.”

ಇದಕ್ಕೆ ಡಿಗ್ರಿ ಯಾಕೆ ಬೇಕು? ದಿನಾ ಅಡುಗೆ ಮಾಡುವವಳ ಕೈಯಲ್ಲೇ ಅಲ್ಲವೇ ಅನ್ನ ಸೀಯುವುದು? ಹಬ್ಬಕ್ಕೊಮ್ಮೆ ಒಲೆ ಮುಟ್ಟುವವನದು ಎಲ್ಲಿ ಸೀದೀತು! ಮಾರನೆಯ ದಿನವೇ ಅಂಗಡಿಗೆ ಹೋಗಿ ಇಷ್ಟನ್ನೂ ಯೋಗಾನಂದನ ಮುಖಕ್ಕೆ ಹೇಳಿ ಬಂದೆ. ಅವನೇನು ಕೆಟ್ಟವನಲ್ಲ. ಸಂಜೆಗೇ ಮನೆಗೆ ಬಂದು, “ನಂದೇ ತಪ್ಪಾಯ್ತು ಮಾರಾಯ, ನಾಳೆಯಿಂದ ಬಾ,” ಎಂದ.

ಯಜಮಾನರು ತಮ್ಮ ಅಂಗೈ ನೋಡಿಕೊಂಡರು. “ಮಗಳ ಲೆಕ್ಕ ಸರಿಯಾಗೇ ಐತೆ ಸಾವ್ಕಾರ್ರೇ. ಆದ್ರೆ ಈಗ ನಟ್ಟು ಹಿಡುದ್ರೆ ಕೈ ನಡುಗ್ತೈತೆ. ನಾನು ಬರಾಕಿಲ್ಲ.”

ನಾಲ್ಕು ದಿನ ಕಳೆದರೆ ಸರಿಹೋಗುತ್ತಾರೆ ಎಂದುಕೊಂಡೆ. ಮಳೆ ಹಿಡಿಯಿತು, ಬಿಟ್ಟಿತು. ಅವರು ಅಂಗಡಿ ಕಡೆ ತಲೆ ಹಾಕಲಿಲ್ಲ. ದೀಪಾವಳಿ ಹೊತ್ತಿಗೆ ನಮ್ಮ ಮನೆಯ ಸೀಮೆಎಣ್ಣೆ ಸ್ಟೌವೇ ಕೆಟ್ಟಿತು. ಮದುವೆಯಾದಾಗಿನಿಂದ ಅವರೇ ಬಿಚ್ಚಿ ಜೋಡಿಸುತ್ತಿದ್ದ ಸ್ಟೌವ್. ಬೇಕೆಂದೇ ಅವರ ಮುಂದೆ ತಂದಿಟ್ಟೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

“ಕುಮಾರಂಗೆ ಕೊಡು ಗುರುಶಾಂತಿ. ಅವನ ಕೈಲಿ ಕೆಡಾಕಿಲ್ಲ.”

ಅಯ್ಯೋ ಶಿವನೇ, ಅಷ್ಟು ಹೇಳಿದ ಮೇಲೂ!

ಕುಮಾರನ ಹತ್ತಿರವೇ ಮಾಡಿಸಿ ತಂದೆ. ತಳದಲ್ಲಿ ನೀಲಿ ಚುಕ್ಕೆ ಇತ್ತು. ಅವರು ಅದನ್ನು ಬೆರಳಲ್ಲಿ ಒಮ್ಮೆ ಸವರಿ, “ಚೆನ್ನಾಗಿ ಉರೀತೈತೆ,” ಎಂದರು. ನಾನು ಅನ್ನಕ್ಕಿಟ್ಟು, ಅದು ಸೀದ ವಾಸನೆ ಬರುವವರೆಗೂ ಅಳುತ್ತ ಕೂತಿದ್ದೆ.