ಉಟ್ರೆಕ್ಟಿನ ಅಡುಗೆಯವನು

ಸೋಮವಾರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಮಲಪನಗುಡಿಯ ಭರಮಮ್ಮ ಹೊಸಪೇಟೆಯ ಪತ್ರಿಕಾ ಕಚೇರಿಗೆ ಬಂದು, ಉಟ್ರೆಕ್ಟಿಗೆ ಹೋಗಿ ಬಂದವರು ಯಾರೆಂದು ಕೇಳಿದಳು.

ಹೋಗಿ ಬಂದವರು ಅಲ್ಲಿ ಯಾರೂ ಇರಲಿಲ್ಲ. ಬರೆದವನೊಬ್ಬನಿದ್ದ. ಉಪಸಂಪಾದಕ ರೇವಣಸಿದ್ದ ಹತ್ತು ವಾರಗಳಿಂದ ಭಾನುವಾರದ ಪುರವಣಿಗೆ ಪರದೇಶದ ಊರುಗಳ ಬಗ್ಗೆ ಬರೆಯುತ್ತಿದ್ದ. ಅವನು ಹೈದರಾಬಾದಿನಿಂದಾಚೆಗೆ ಕಾಲಿಟ್ಟವನಲ್ಲ. ಆದರೂ ಅವನ ಬರಹದಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಒಂದು ಸಂಗತಿಯನ್ನು ಮೂರು ಕಡೆ ತಾಳೆ ನೋಡದೆ ಅವನು ಬರೆಯುತ್ತಿರಲಿಲ್ಲ.

ಉಟ್ರೆಕ್ಟಿನ ಪಬ್ಬುಗಳ ಲೇಖನವನ್ನೂ ಮೊದಲು ಹಾಗೆಯೇ ಬರೆದಿದ್ದ. ನೆದರ್ಲೆಂಡ್ಸಿನ ಆ ಊರಿನಲ್ಲಿ ಹಳೆಯ ಕಾಲುವೆ ರಸ್ತೆಗಿಂತ ಒಂದು ಮಹಡಿಯಷ್ಟು ಕೆಳಗೆ ಹರಿಯುತ್ತದೆ. ನೀರಿನ ಮಟ್ಟದಲ್ಲಿ ಹಿಂದೆ ಸರಕು ಇಳಿಸುತ್ತಿದ್ದ ನೆಲಮಾಳಿಗೆಗಳಿವೆ, ಈಗ ಅವುಗಳಲ್ಲಿ ಎಷ್ಟೋ ಹೋಟೆಲು, ಪಬ್ಬುಗಳಾಗಿವೆ. ತಂಬಾಕಿನ ಹೊಗೆಗೆ ಗೋಡೆ ಕಂದಿದ ಹಳೇ ಪಬ್ಬುಗಳಿಗೆ ‘ಕಂದು ಕೆಫೆ’ ಎನ್ನುತ್ತಾರೆ. ಅಲ್ಲಿ ಕೆಫೆ ಎಂದರೆ ಬಿಯರು ಸಿಗುವ ಜಾಗ, ಕಾಫಿ ಶಾಪ್ ಎಂದರೆ ಗಾಂಜಾ ಸಿಗುವ ಜಾಗ. ಜೆನೆವರ್ ಎಂಬ ಮದ್ಯವನ್ನು ಲೋಟದ ಅಂಚಿಗೆ ಬರುವಷ್ಟು ತುಂಬಿಸಿಡುತ್ತಾರೆ. ಮೊದಲ ಗುಟುಕಿಗೆ ಕುಡಿಯುವವನೇ ಮೇಜಿಗೆ ಬಗ್ಗಬೇಕು.

ಸಂಪಾದಕ ವಿರೂಪಾಕ್ಷಪ್ಪ ಓದಿ ಮೂಗು ಮುರಿದಿದ್ದರು.

“ಎಲ್ಲಾ ಸರಿ ಐತಲೇ. ಆದ್ರ ಗೆಜೆಟ್ ಓದಿದಂಗ ಆಕ್ಕೈತಿ. ನೀನ ಹೋಗಿ ಕುಂತು ಬಂದಂಗ ಬರಿ. ಸ್ವಲ್ಪ ನಮ್ಮ ಕಡಿ ವಾಸ್ನಿ ಬರ್ಲಿ.”

ವಾಸನೆಗಾಗಿ ರೇವಣಸಿದ್ದ ಅಂದು ಸಂಜೆ ಬಸ್ ನಿಲ್ದಾಣದ ಹತ್ತಿರದ ಬಾರಿಗೆ ಹೋದ. ಕುಡಿಯುವವನಲ್ಲದ ಕಾರಣ ಸೋಡಾ ತರಿಸಿಕೊಂಡು ಮೂಲೆಯಲ್ಲಿ ಕೂತ. ಅಲ್ಲಿನ ಸಪ್ಲಾಯರ್ ಎರ್ರೆಪ್ಪ ಒಳಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ಬರ್ರಿ ಅಣ್ಣಾ, ಕುಂದ್ರಿ. ಯಾವೂರು?”

ಮರುದಿನ ಆ ಮಾತು ಉಟ್ರೆಕ್ಟಿಗೆ ಹೋಯಿತು. ಕಾಲುವೆ ಪಕ್ಕದ ನೆಲಮಾಳಿಗೆಯ ಪಬ್ಬಿನಲ್ಲಿ ಲೇಖಕ ಕೂತಿದ್ದಾಗ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಒಬ್ಬ ಯುವಕ ಬಂದು “ಬರ್ರಿ ಅಣ್ಣಾ, ಕುಂದ್ರಿ. ಹೊಸಪ್ಯಾಟಿ ಕಡ್ಯಾರೇನ್ರಿ?” ಎಂದನೆಂದು ಭಾನುವಾರ ಅಚ್ಚಾಯಿತು. ಆ ಸಾಲುಗಳನ್ನು ಹೊಗಳಿ ಹದಿನಾಲ್ಕು ಜನ ಫೋನ್ ಮಾಡಿದ್ದರು.

ಭರಮಮ್ಮ ಬಂದದ್ದು ಲೇಖನ ಅಚ್ಚಾಗಿ ಎಂಟು ದಿನಕ್ಕೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ಅಂದು ರಜೆ ಹಾಕಿ ಬಂದಿದ್ದಳು. ರೇವಣಸಿದ್ದನ ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು.

“ನೀವು ಬರದ ಆ ಅಡಿಗಿಯವ ನನ್ನ ತಮ್ಮರಿ, ಹುಲುಗೇಶ. ಹಂಪಿ ಹೊಳಿ ದಾಟಿ ಗಡ್ಡಿ ಮ್ಯಾಗ ಗೆಸ್ಟ್‌ಹೌಸಿನ್ಯಾಗ ಅಡಿಗಿ ಮಾಡ್ತಿದ್ದ. ಗೆಸ್ಟ್‌ಹೌಸ್ ಕೆಡವಿದ ಮ್ಯಾಲ ಉಟ್ರೆಕ್ಟಿನ ಹುಡುಗೀನ ಮದ್ವಿ ಆಗಿ ಅಲ್ಲಿಗೆ ಹ್ವಾದ. ಬಾರಿನ್ಯಾಗ ಅಡಿಗಿ ಮಾಡ್ತೀನಿ, ಮುಂದ ನಮ್ಮ ಕಾಲುವಿ ಹಂಗ ಕಾಲುವಿ ಐತಿ ಅಂತಿದ್ದ. ಉಗಾದಿ ಆದ ಮ್ಯಾಲ ಫೋನಿಲ್ಲ. ನಂಬರ್ ಹತ್ತಂಗಿಲ್ಲ.”

ತಾನು ಆ ಊರಿಗೆ ಹೋಗಿಯೇ ಇಲ್ಲವೆಂದು ರೇವಣಸಿದ್ದ ಅಲ್ಲಿಯೇ ಹೇಳಬಹುದಿತ್ತು. ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು.

“ಸೊರಗ್ಯಾನೇನ್ರಿ?” ಎಂದಳು.

“ಇಲ್ಲಮ್ಮ. ಹಂಗೇನಿಲ್ಲ,” ಎಂದ.

ಹೇಳಿದ ಮೇಲೆ ಗೊತ್ತಾಯಿತು, ಅಚ್ಚಾದ ಸುಳ್ಳಿಗೆ ತಾನೀಗ ಇನ್ನೊಂದು ಸೇರಿಸಿದ್ದೇನೆ ಎಂದು.

“ಅಷ್ಟ್ ಸಾಕು. ಆ ಬಾರಿನ ಅಡ್ರೆಸ್ ಕೊಡ್ರಿ ಸಾರ್, ಕಾಗ್ದ ಹಾಕ್ತೀವಿ.”

“ಹುಡುಕಿ ಕೊಡ್ತೀನಿ.”

“ಜಲ್ದಿ ಏನಿಲ್ರಿ. ಅವ ಅದಾನ ಅಂತ ಗೊತ್ತಾತಲ್ಲ. ನಾಕು ತಿಂಗಳ ಹಿಂದ ಠಾಣ್ಯಾಗ ಅರ್ಜಿ ಕೊಟ್ಟಿದ್ವಿ. ಅದು ಬೆಂಗ್ಳೂರ ತನಕ ಹೋಗಿತ್ತಂತ, ಅಲ್ಲಿಂದ ಪರದೇಶದ ಆಫೀಸಿಗೆ ಹೋಗೋದಿತ್ತು. ನಮ್ಮವ್ವ ಕೇಳ್ಲಿಲ್ಲ. ಪೇಪರಿನ್ಯಾಗ ಬಂದೈತಿ, ಇನ್ನ್ಯಾಕ ಪೊಲೀಸ್ರು, ಪರದೇಶದಾಗ ಹುಡುಗನ ಮ್ಯಾಲ ಕೇಸ್ ಆದೀತು ಅಂದ್ಳು. ಶನಿವಾರ ವಾಪಸ್ ತಗೊಂಡ್ವಿ.”

ಅವಳು ಹೋದ ಮೇಲೆ ರೇವಣಸಿದ್ದ ಸಂಪಾದಕರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದ.

“ಹುಡುಕೋದನ್ನ ನಿಲ್ಲಿಸ್ಯಾರ ಸಾರ್. ನನ್ನ ಸಲುವಾಗಿ.”

“ನಿನ್ನ ಸಲುವಾಗಿ ಯಾಕೋ? ಅವ್ರು ಖರೇ ಅಂತ ತಿಳ್ಕೊಂಡಿದ್ದು ಅವ್ರ ತಪ್ಪು. ಅದೊಂದು ಕಥಿ ಇದ್ದಂಗ.”

“ಕಥಿ ಅಂತ ಮ್ಯಾಲ ಬರದಿಲ್ಲಲ್ರಿ.”

“ಈಗ ತಿದ್ದುಪಡಿ ಹಾಕಿದ್ರ ಉಳಿದ ಒಂಬತ್ತು ಊರಿನ ಗತಿ ಏನು? ಪ್ಯಾರಿಸ್ಸಿಗೂ ನೀ ಹೋಗಿಲ್ಲ. ಸುಮ್ನ ಕುಂದ್ರು.”

ಅವನು ಮೇಜಿಗೆ ಬಂದು ಕೂತ. ಕಂಪ್ಲಿಯ ಭತ್ತದ ದರದ ಸುದ್ದಿಯನ್ನು ತಿದ್ದತೊಡಗಿದ. ಒಂದು ಅಂಕಿ ತಾಳೆಯಾಗಲಿಲ್ಲ. ವರದಿಗಾರನಿಗೆ ಫೋನ್ ಮಾಡಿ ಗದರಿದ: “ಕೇಳಿ ಬರ್ಯೋ, ಮನಸಿಗೆ ಬಂದಂಗ ಬರೀಬ್ಯಾಡ.” ಫೋನ್ ಇಟ್ಟವನಿಗೆ ಅಲ್ಲಿ ಕೂರಲಾಗಲಿಲ್ಲ. ಎರಡೂವರೆಗೆ ಬೈಕ್ ಹತ್ತಿದ.

ಮಲಪನಗುಡಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪೇಪರಿನಲ್ಲಿ ಬಂದ ಹುಲುಗೇಶನ ಮನೆ ಎಂದರೆ ಎಲ್ಲರೂ ಕೈ ತೋರಿಸಿದರು. ಕಟ್ಟೆಯ ಮೇಲೆ ತಾಯಿ ಜಂಬವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಅವನು ಯಾರೆಂದು ಮಗಳು ಹೇಳಿದ್ದೇ ಮೊರ ಪಕ್ಕಕ್ಕಿಟ್ಟು ಎದ್ದಳು. ಅವನ ಎರಡೂ ಕೆನ್ನೆ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಹತ್ತೂ ಬೆರಳು ಲಟಲಟ ಎಂದವು.

“ನನ್ನ ಮಗನ್ನ ನೋಡಿ ಬಂದ ಕಣ್ಣು ಯಪ್ಪಾ ಇವು. ದೃಷ್ಟಿ ಆಗಬಾರ್ದು. ಕುಂದ್ರು, ರೊಟ್ಟಿ ತಿನ್ನು.”

“ಬ್ಯಾಡವ್ವಾ,” ಎಂದ. ನಿಂತೇ ಇದ್ದ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಗಿತ್ತು. “ನಾನು ಆ ಊರಿಗೆ ಹೋಗೇ ಇಲ್ಲ. ನಿಮ್ಮ ಮಗನ್ನ ನೋಡಿಲ್ಲ. ಆ ಮಾತು ಹೊಸಪ್ಯಾಟಿ ಬಾರಿನ್ಯಾಗ ಕೇಳಿ ಬರದಿದ್ದು. ಬೆಳಿಗ್ಗಿ ಸೊರಗಿಲ್ಲ ಅಂದದ್ದೂ ಸುಳ್ಳು.”

ಭರಮಮ್ಮ ಕೇಳಿದಳು:

“ಕಾಲುವಿ ಐತಿ ಅಂತ ಬರದೀರಲ್ಲ, ಅದು?”

“ಅದು ಖರೇ.”

“ನೆಲಮಾಳಿಗಿ? ಬಗ್ಗಿ ಕುಡ್ಯಾದು?”

“ಎಲ್ಲಾ ಖರೇ. ಮೂರು ಕಡಿ ನೋಡಿ ಬರದೀನಿ.”

“ಅಂದ್ರ ಎಲ್ಲಾ ಖರೇ, ನನ್ನ ತಮ್ಮ ಒಬ್ಬನ ಸುಳ್ಳು.” ಅವಳ ದನಿ ಏರಲಿಲ್ಲ. “ಭಾಳ ಚಲೋ ಬರೀತೀರಿ ಸಾರ್. ಅವನ ದನೀನ ಕೇಳಿದಂಗ ಆಗಿತ್ತು ನನಗ.”

ಜಂಬವ್ವ ಅವನ ಕಡೆ ನೋಡಲಿಲ್ಲ. ಮಗಳನ್ನು ಕೇಳಿದಳು: “ಅಂದ್ರ ಅವ ಉಣ್ಣಾಕತ್ತಾನೋ ಇಲ್ಲೋ?”

ಮಗಳು ಒಳಗೆ ಹೋಗಿ ಆಧಾರ್ ಕಾರ್ಡಿನ ಚೀಲ ತಂದಳು. “ನಡ್ರಿ ಠಾಣೆಗೆ. ನೀವೂ ಬರ್ರಿ. ಬರ್ಯಾಕ ಬರತೈತಲ್ಲ ನಿಮಗ.”

ಠಾಣೆಯಲ್ಲಿ ಕಾನ್‌ಸ್ಟೆಬಲ್ ಉಚ್ಚೆಂಗಪ್ಪ ಇಬ್ಬರ ಮಾತನ್ನೂ ಕೇಳಿ ತಲೆ ಕೆರೆದುಕೊಂಡ. “ವಾಪಸ್ ತಗೊಂಡದ್ದು ಮುಗೀತಮ್ಮ, ಅದನ್ನ ಎಬ್ಸಾಕ ಬರಂಗಿಲ್ಲ. ಹೊಸದು ಕೊಡ್ರಿ. ಶನಿವಾರ ಸಿಕ್ಕಾನ ಅಂದವ್ರು ಸೋಮವಾರ ಸಿಕ್ಕಿಲ್ಲ ಅಂದ್ರ ಸಾಹೇಬ್ರು ಕೇಳ್ತಾರ. ಸಾರ್, ನೀವೊಂದು ಹೇಳಿಕಿ ಬರಕೊಡ್ರಿ. ಲೇಖನದಾಗಿನ ವ್ಯಕ್ತಿ ಕಾಲ್ಪನಿಕ ಅಂತ.”

ರೇವಣಸಿದ್ದ ಹಾಗೆಯೇ ಬರೆದು ಓದಿದ.

“ಕಾಲ್ಪನಿಕ ಬ್ಯಾಡ,” ಎಂದಳು ಭರಮಮ್ಮ. “ಸುಳ್ಳು ಅಂತ ಬರೀರಿ. ನಮ್ಮವ್ವಗ ಓದಿ ಹೇಳಿದ್ರ ತಿಳೀಬೇಕು.”

ಅವನು ಆ ಪದ ಹೊಡೆದುಹಾಕಿ ‘ಸುಳ್ಳು’ ಎಂದು ಬರೆದ. ಕೆಳಗೆ ಹೆಸರು, ಹುದ್ದೆ, ತಾರೀಖು ಹಾಕಿ ಸಹಿ ಮಾಡಿದ.

ಹೊಸ ಅರ್ಜಿ ಸಂಜೆ ಐದೂವರೆಗೆ ಹೊಸ ನಂಬರಿನಲ್ಲಿ ದಾಖಲಾಯಿತು. ಹಳೆಯದು ನಾಲ್ಕು ತಿಂಗಳಲ್ಲಿ ಬೆಂಗಳೂರು ತಲುಪಿತ್ತು. ಇದು ಮರುದಿನದ ಟಪಾಲಿನಲ್ಲಿ ಜಿಲ್ಲಾ ಕಚೇರಿಗೆ ಹೊರಟಿತು.