ಗೋಡೆ ಆಚೆಯ ಕೋಳಿ, ಗೋಡೆ ಈಚೆಯ ಕೋಳಿ

ನಮ್ಮ ಕೋಳಿ ಬದುಕಿ ಉಳಿದದ್ದೇ ಆ ಬೇಸಿಗೆಯಲ್ಲಿ ನನ್ನ ದೊಡ್ಡ ತಪ್ಪಾಗಿಬಿಟ್ಟಿತ್ತು.

ನಾನು ಶೇವಂತಿ. ಹಿನ್ನೀರು ಬಂದು ಹಳೆಯ ಊರು ಬಿಟ್ಟ ಮೇಲೆ, ಅನಗವಾಡಿ ಕಡೆಯ ಹೊಸ ಪ್ಲಾಟಿನಲ್ಲಿ ನಮ್ಮ ಮನೆಯೂ ಸಾವಕ್ಕನ ಮನೆಯೂ ಮಗ್ಗುಲು ಮಗ್ಗುಲಿಗೆ ಬಂದವು. ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲಿಂದ ನಮ್ಮ ಪಲ್ಯ ಆಚೆ ಹೋಗುತ್ತದೆ, ಅವರ ಮಜ್ಜಿಗೆ ಈಚೆ ಬರುತ್ತದೆ, ಊರ ಸುದ್ದಿ ಎರಡೂ ಕಡೆ ಓಡಾಡುತ್ತದೆ. ಸಾವಕ್ಕನನ್ನು ನಾನು ಚಿಗವ್ವ ಎಂದೇ ಕರೆಯುವುದು.

ಅವರದು ಬೀರಪ್ಪ ದೇವರ ಒಕ್ಕಲು, ಮೊದಲಿನಿಂದಲೂ ಆಡು ಕುರಿ ಕಾಯ್ದ ಮನೆತನ. ಹೊಲ ನೀರಿನಡಿ ಹೋದ ಮೇಲೆ ಮನೆ ನಡೆಯುವುದೇ ಹಾಲಿನ ಆಡು ಮತ್ತು ಕೋಳಿಯ ಮೇಲೆ. ಮಗ ಅಪ್ಪಾಸಾಬ ಆಡು ಮೇಯಿಸುತ್ತಾನೆ. ಸೊಸೆ ಭಾಗ್ಯಾ ಕೋಳಿ ನೋಡಿಕೊಳ್ಳುತ್ತಾಳೆ, ತತ್ತಿ ಮಾರುತ್ತಾಳೆ. ಹಾಲು ಹಿಂಡುವುದು ಮಾತ್ರ ಸಾವಕ್ಕನೇ. ಚಂದ್ರಿ ಅಂತ ಒಂದು ಆಡಿದೆ. ಬೇರೆ ಯಾರು ಕೂತರೂ ಹಾಲು ಏರಿಸಿಕೊಂಡು ನಿಲ್ಲುತ್ತದೆ. ಸಾವಕ್ಕ ಕೂತು ಬೆನ್ನು ಸವರಿದರೆ ತಂಬಿಗೆ ತುಂಬುತ್ತದೆ.

ಬೇಸಿಗೆ ಬಂದರೆ ನಮ್ಮಲ್ಲಿ ಕೋಳಿಗೆ ಬರುವ ರೋಗ ನಿಮಗೂ ಗೊತ್ತಿರಬೇಕು. ಬೆಳಿಗ್ಗೆ ಕಾಳು ತಿಂದ ಕೋಳಿ ಸಂಜೆಗೆ ರೆಕ್ಕೆ ಇಳಿಬಿಟ್ಟು ಕೂರುತ್ತದೆ. ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ. ಕೊಕ್ಕರೆ ರೋಗ. ಒಂದಕ್ಕೆ ಬಂತೆಂದರೆ ಬುಟ್ಟಿಯೇ ಬರಿದಾಗುತ್ತದೆ. ಅದಕ್ಕೆ ದನದ ದವಾಖಾನೆಯ ಶಂಕರೆಪ್ಪ ನಮ್ಮ ಮಹಿಳಾ ಸಂಘದ ಸಭೆಗೆ ಬಂದು, ಲಸಿಕೆಯ ಹನಿ ಹಾಕುವುದನ್ನು ನನಗೂ ಭಾಗ್ಯಾಗೂ ಕಲಿಸಿದರು.

"ಕಣ್ಣಿಗೆ ಒಂದ ಹನಿ. ಕೋಳಿ ಕಣ್ಣ ಮಿಟುಕಿಸೂತನಕಾ ಕೈ ಬಿಡಬ್ಯಾಡ್ರಿ. ಜಡ್ಡು ಬಿದ್ದ ಕೋಳಿಗೆ ಹಾಕಬ್ಯಾಡ್ರಿ. ಆರಾಮ ಇದ್ದಾಗನ ಹಾಕಬೇಕು," ಎಂದರು.

ಮುಂದೆ ಒಂದು ಸಂಜೆ ಅವರೇ ಐಸ್ ಪೆಟ್ಟಿಗೆ ಹಿಡಿದು ಬಂದರು. ನನಗೊಂದು ಬಾಟ್ಲಿ, ಭಾಗ್ಯಾಗೊಂದು. ಇಬ್ಬರ ಥರ್ಮಾಸಿಗೂ ಐಸು ಹಾಕಿ, ಬಾಟ್ಲಿ ಇಟ್ಟು, ಮುಚ್ಚಳ ತಿರುವಿ ಕೊಟ್ಟರು.

"ನಾಳೆ ನಸುಕಿನ್ಯಾಗ, ಕೋಳಿ ಹೊರಗ ಬಿಡೂಕಿಂತ ಮೊದಲ ಹಾಕ್ರಿ. ಅಲ್ಲೀತನಕಾ ತಣ್ಣಗಿರಲಿ."

"ಹೂಂರಿ," ಎಂದೆವು.

ನಸುಕಿನಲ್ಲಿ ನಾನು ಈಚೆ, ಅವಳು ಆಚೆ. ನನ್ನ ಹುಂಜ ಕೈ ಕುಕ್ಕಿ ರಕ್ತ ಬರಿಸಿತು. ಗೋಡೆಯಾಚೆಯಿಂದ ಭಾಗ್ಯಾ ನಕ್ಕಿದ್ದೇ ನಕ್ಕಿದ್ದು. ಅಂತೂ ಇಬ್ಬರೂ ಒಂದು ಕೋಳಿ ಬಿಡದಂತೆ ಹನಿ ಹಾಕಿ ಮುಗಿಸಿದೆವು.

ಕೆಲವು ವಾರ ಕಳೆದು ಬೇಸಿಗೆಯ ಬಿಸಿಲು ಏರಿದ ಮೇಲೆ ಊರಿಗೆ ಕೊಕ್ಕರೆ ರೋಗ ಬಂತು. ಹನಿ ಹಾಕದ ಮನೆಗಳಲ್ಲಿ ಕೋಳಿ ಸತ್ತವು. ಅದು ಅರ್ಥವಾಗುವ ಮಾತು. ಆದರೆ ಭಾಗ್ಯಾಳ ಕೋಳಿಯೂ ಸತ್ತವು! ಕಾವಿಗೆ ಕೂತ ಕೋಳಿ ಕಾವಿನ ಮೇಲೆಯೇ ಸತ್ತಿತು. ನನ್ನ ಕೋಳಿಗಳೋ, ಅದೇ ಗೋಡೆ ಹತ್ತಿ ಕೂತು ಕೂಗುತ್ತಿದ್ದವು. ಅವು ಕೂಗಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

"ಶೇವಂತೀ, ನಿನ್ನ ಕೋಳಿ ಗಟ್ಟಿ ಅದಾವಲ್ಲ ಬೇ?" ಎಂದು ಸಾವಕ್ಕ ಒಂದು ದಿನ ಗೋಡೆಗೆ ಬಂದು ಕೇಳಿದಳು.

"ಅದಾವು ಚಿಗವ್ವಾ."

"ಅದ ಔಷಧ ಹಾಕಿದೇನು?"

"ಅದ ಹಾಕೀನಿ."

"ಮತ್ತ ನಮ್ಮುವ ಯಾಕ ಸತ್ತುವು?"

"ನನಗೇನ ಗೊತ್ತ ಚಿಗವ್ವಾ? ನನಗೂ ತಿಳಿವಲ್ದು."

ಸಾವಕ್ಕ ನನ್ನನ್ನು ಓರೆಗಣ್ಣಿನಿಂದ ನೋಡಿ ಒಳಗೆ ಹೋದಳು. ಮರುದಿನದಿಂದ ಗೋಡೆಯ ಮೇಲೆ ಮಜ್ಜಿಗೆ ಬರುವುದು ನಿಂತಿತು.

ಒಬ್ಬೊಬ್ಬರದು ಒಂದೊಂದು ಮಾತು. ಭಾಗ್ಯಾಳ ಬಾಟ್ಲಿಯಲ್ಲಿ ಬರೀ ನೀರು ಇತ್ತೇನೋ ಎಂದರು ಕೆಲವರು. ನಾನೇ ಬೇಕೆಂದು ಒಳ್ಳೆಯ ಬಾಟ್ಲಿ ಆರಿಸಿಕೊಂಡೆ ಎಂದರು ಇನ್ನು ಕೆಲವರು. ಎರಡು ಬಾಟ್ಲಿಯೂ ಅಕ್ಕತಂಗಿಯರ ಹಾಗೆ ಒಂದೇ ನಮೂನೆ ಇದ್ದವು, ಆರಿಸುವುದೇನು ಬಂತು! ಅಪ್ಪಾಸಾಬ, "ನಮ್ಮ ಕೋಳಿ ಜವಾರಿ, ಸರಕಾರದ ಔಷಧ ಅವಕ್ಕ ಹತ್ತಂಗಿಲ್ಲ," ಎಂದ. ನನ್ನ ಕೋಳಿಗಳು ಅವನ ಮನೆಯ ತತ್ತಿಯಿಂದಲೇ ಆದ ಮರಿಗಳು ಎಂದು ನೆನಪಿಸಿದೆ. ಅವನು ತಲೆ ಕೆರೆದುಕೊಂಡು ಹೋದ. ಪಾಪ, ಭಾಗ್ಯಾ ಮಾತ್ರ, ತಾನು ಹನಿ ಎಡಗಣ್ಣಿಗೆ ಹಾಕಿದ್ದು ತಪ್ಪಾಯಿತೋ ಏನೋ ಎಂದು ಕೊರಗಿದಳು. ನಾನು ಯಾವ ಕಣ್ಣಿಗೆ ಹಾಕಿದ್ದೆ ಎಂದು ನನಗೇ ನೆನಪಿರಲಿಲ್ಲ.

ಶಂಕರೆಪ್ಪನವರನ್ನೇ ಕೇಳಿದೆವು.

"ಬಾಟ್ಲಿ ತಣ್ಣಗ ಇಟ್ಟಿದ್ದೇನವಾ ಭಾಗ್ಯಾ?"

"ಐಸಿನ್ಯಾಗ ಇಟ್ಟಿದ್ನಿರಿ. ಮುಂಜಾನೆ ಐಸನೀರಾಗಿಂದನ ತಗದ ಹಾಕೀನಿರಿ."

ಅವರಿಗೂ ಏನೂ ಹೊಳೆಯಲಿಲ್ಲ. "ಹಂಗ ಆಗಬಾರದಲ್ಲ... ಹಂಗ ಆಗಬಾರದು," ಎನ್ನುತ್ತಲೇ ಗಾಡಿ ಹತ್ತಿ ಹೋದರು. ಕಲಿಸಿದವರೇ ಹೀಗೆಂದರೆ ನಾವು ಯಾರ ಹತ್ತಿರ ಹೋಗಬೇಕು? ನನ್ನ ತಲೆಯಂತೂ ಮೊಸರುಗಡಿಗೆ ಆಯಿತು.

ಅಷ್ಟರಲ್ಲಿ ಹೊಳೆಯ ಆಚೆಯ ಊರುಗಳಿಂದ ಇನ್ನೊಂದು ಸುದ್ದಿ ಬಂತು. ಆಡು ಕುರಿಗಳಿಗೆ ಹಿರೇಬೇನೆ. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ ದೊಡ್ಡಿಗೆ ದೊಡ್ಡಿಯೇ ಮಲಗುತ್ತಿದೆಯಂತೆ. ಶಂಕರೆಪ್ಪನವರು ಬೆಳಿಗ್ಗೆಯೇ ನಮ್ಮ ಓಣಿಗೆ ಲಸಿಕೆ ತಂದರು. ಸಾವಕ್ಕ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು.

"ಕೋಳಿ ಕೊಂದದ್ದು ಸಾಲಲಿಲ್ಲೇನು? ನನ್ನ ಚಂದ್ರಿಗೆ ಸೂಜಿ ಚುಚ್ಚೂದಾದ್ರ ಮೊದಲ ನನಗ ಚುಚ್ಚರಿ!"

"ಯವ್ವಾ, ಬ್ಯಾನಿ ಹೊಳಿ ದಾಟಿ ಬಂದ್ರ ಏನೂ ಉಳ್ಯಾಂಗಿಲ್ಲರಿ," ಎಂದರು ಶಂಕರೆಪ್ಪ.

"ಕೋಳಿಗೂ ಹಿಂಗ ಅಂದಿದ್ರಿ."

ಅಪ್ಪಾಸಾಬ ತಾಯಿಯ ಮುಖ ನೋಡಿದ, ಆಡಿನ ಮುಖ ನೋಡಿದ.

"ಯವ್ವಾ, ಹಾಕಿಸಿದ್ರ ಅಂಜಿಕಿ, ಬಿಟ್ರೂ ಅಂಜಿಕಿ. ಇವು ಹೋದ್ರ ನಾ ಯಾರ ಹೊಲಕ್ಕ ಕೂಲಿ ಹೋಗ್ಲಿ? ನೀನ ಹೇಳು."

ನನಗೂ ಅದೇ ಅಂಜಿಕೆ. ಹಾಕಿಸಿಕೋ ಎಂದು ನಾನು ಹೇಳಿ, ನಾಳೆ ಆ ಆಡುಗಳೂ ಸತ್ತರೆ? ಗೋಡೆಗೆ ಆನಿಕೊಂಡು ನಿಂತೆ. ಚಂದ್ರಿ ಏನೂ ತಿಳಿಯದೆ ಸಾವಕ್ಕನ ಸೆರಗು ಜಗಿಯುತ್ತಿತ್ತು. ಮಗನ ಮಾತು ತಾಯಿಗೆ ನಾಟಿತೆಂದು ಕಾಣುತ್ತದೆ. ಸಾವಕ್ಕ ಸೆರಗು ಬಿಡಿಸಿಕೊಂಡು, ಸೋತ ದನಿಯಲ್ಲಿ ಹೇಳಿದಳು.

"ಆತು ತಗೋರಿ. ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಆ ಬಾಟ್ಲಿ ಕೊಡ್ರಿ ಇಲ್ಲೆ. ಇವತ್ತೊಂದ ರಾತ್ರಿ ಬೀರಪ್ಪನ ಮುಂದ ಇಡ್ತೀನಿ. ನಾಳೆ ಚುಚ್ಚರಿ. ಕೋಳಿ ಬಾಟ್ಲೀನೂ ಹಂಗ ಇಟ್ಟಿದ್ನಿ, ಆದ್ರೂ ಅವನ ಮನಸಿಗೆ ಬರಲಿಲ್ಲ."

ಭಾಗ್ಯಾ ಮೇವಿನ ಬುಟ್ಟಿ ಕೆಳಗಿಟ್ಟಳು. "ಯಾವ ಬಾಟ್ಲಿ ಅತ್ತಿ?"

"ಅದ ಬೇ, ಥರ್ಮಾಸಿನ್ಯಾಗ ಇಟ್ಟಿದ್ದಿ ನೋಡು. ನೀ ನೀರಿಗೆ ಹೋದಾಗ ತಗದು ದೇವರ ಜಗಲಿ ಮ್ಯಾಲ ಇಟ್ನಿ. ನಸುಕಿನ್ಯಾಗ ನೀ ಏಳೂದರಾಗ ಮತ್ತ ಅದರಾಗ ಇಟ್ನಿ."

"ಜಗಲಿ ಮ್ಯಾಲ ಎಲ್ಲಿ?"

"ದೀಪದ ಮಗ್ಗಲ. ದೇವರಿಗೆ ಇಟ್ಟದ್ದನ್ನ ಕತ್ತಲದಾಗ ಇಡ್ತಾರೇನು?"

ಅವರ ಮನೆಯ ಪದ್ಧತಿ ಊರಿಗೆಲ್ಲ ಗೊತ್ತು. ಆಡು, ಕುರಿ, ಕೋಳಿಯ ಸಲುವಾಗಿ ಮನೆಗೆ ಏನೇ ಬರಲಿ, ಹೊಸ ಹಗ್ಗ, ಗಂಟೆ, ಉಣ್ಣೆ ಕತ್ತರಿ, ಮೊದಲ ರಾತ್ರಿ ಬೀರಪ್ಪನ ಮುಂದೆ ಇಟ್ಟು ಭಂಡಾರದ ಅರಿಸಿನ ಹಚ್ಚಬೇಕು. ಆಮೇಲೆಯೇ ಬಳಕೆ. ಸಾವಕ್ಕ ಬಾಟ್ಲಿಗೂ ಹಾಗೇ ಮಾಡಿದ್ದಳು. ದಿನಾ ಮುಖ ತೊಳೆದದ್ದನ್ನು ಯಾರಾದರೂ ಹೇಳುತ್ತಾರೆಯೇ? ಅವಳೂ ಹೇಳಿರಲಿಲ್ಲ. ರಾತ್ರಿಯಿಡೀ ದೀಪದ ಕಾವಿನಲ್ಲಿದ್ದ ಬಾಟ್ಲಿ ಬೆಳಿಗ್ಗೆ ಮತ್ತೆ ಐಸು ಕರಗಿದ ನೀರಿಗೆ ಬಿದ್ದು ತಣ್ಣಗಾಗಿತ್ತು, ಹಚ್ಚಿದ ಭಂಡಾರವೂ ತೊಳೆದುಹೋಗಿತ್ತು. ಭಾಗ್ಯಾ ಅದನ್ನೇ ತೆಗೆದು, ನಗುನಗುತ್ತಾ ಹನಿ ಹಾಕಿದ್ದಳು.

ಶಂಕರೆಪ್ಪನವರು ಹಣೆಗೆ ಕೈ ಹಚ್ಚಿಕೊಂಡರು. "ಯವ್ವಾ, ಅದರಾಗ ಇರೂದು ಜೀವ ಇರೂ ಔಷಧರಿ. ಕಾವು ಹತ್ತಿದ್ರ ಸಾಯ್ತೈತಿ. ಆಮ್ಯಾಲ ಐಸಿನ್ಯಾಗ ಇಟ್ರೂ ಎದ್ದ ಬರಂಗಿಲ್ಲ. ಅದನ್ನ ಹಾಕೂದೂ ಒಂದ, ಬರೇ ನೀರ ಹಾಕೂದೂ ಒಂದ."

ಸಾವಕ್ಕ ದೊಡ್ಡಿಯ ಕಂಬ ಹಿಡಿದು ಅಲ್ಲೇ ಕುಸಿದು ಕೂತಳು. "ಹಂಗಾರ ಆ ಕೋಳಿ... ನಾನ ಕೊಂದ್ನೇನು?"

ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ನನ್ನನ್ನು ಓರೆಗಣ್ಣಿನಿಂದ ನೋಡಿದವಳು ಎಂಬ ಸಿಟ್ಟು ಎಲ್ಲಿ ಹೋಯಿತೋ. ಭಾಗ್ಯಾ ಅತ್ತೆಯ ಮಗ್ಗುಲಿಗೆ ಕೂತಳು.

"ನಿಮಗ ಯಾರ ಹೇಳಿದ್ರು ಅತ್ತಿ? ತಣ್ಣಗ ಇಡಬೇಕಂತ ಅವರು ನನಗ ಹೇಳಿದ್ರು. ನಾ ನಿಮಗ ಹೇಳಲಿಲ್ಲ."

"ನಾನೂ ಸೊಸೆಂದಿರಿಗಷ್ಟ ಹೇಳಿ ಹೋದ್ನಿ. ಮನಿ ಹಿರೇರಿಗೆ ಹೇಳಲಿಲ್ಲ," ಎಂದರು ಶಂಕರೆಪ್ಪ.

"ಬೀರಪ್ಪನ ಮುಂದ ಇಟ್ಟದ್ದು ಹೆಂಗ ಕೆಡ್ತೈತಿ?" ಸಾವಕ್ಕನಿಗೆ ಇನ್ನೂ ಗೊಂದಲ. ಚಂದ್ರಿ ಮತ್ತೆ ಬಂದು ಸೆರಗು ಎಳೆಯಿತು. ಅದರ ಕೆಚ್ಚಲು ನೋಡುತ್ತಾ ಅವಳೇ ಮೆಲ್ಲಗೆ ಕೇಳಿದಳು. "ಹಾಲು ಇದ್ದಾಂಗೇನು ಇದು?"

"ಹೂಂ ಅತ್ತಿ, ಹಾಲು ಇದ್ದಾಂಗ."

"ನೈವೇದ್ಯದ ಹಾಲು ನಾ ಬೆಳತನಕಾ ದೀಪದ ಮಗ್ಗಲ ಇಡಂಗಿಲ್ಲ. ಒಡೀತೈತಿ. ಅದು ಕಾವಿನ ಗುಣ, ದೇವರದಲ್ಲ." ಅವಳು ಮೊಣಕಾಲಿಗೆ ಕೈಯೂರಿ ಎದ್ದಳು. "ತಡೀರಿ, ಬಂದ್ನಿ."

ಒಳಗಿನಿಂದ ಭಂಡಾರದ ಬಟ್ಟಲು ತಂದಳು. ಐಸ್ ಪೆಟ್ಟಿಗೆಯ ಮುಚ್ಚಳಕ್ಕೆ ಹಳದಿ ಬೊಟ್ಟು ಇಟ್ಟಳು. ಒಂದೊಂದೇ ಆಡಿನ ಹಣೆಗೂ ಹಚ್ಚಿದಳು.

"ಔಷಧ ದೇವರ ಕಡೆ ಹೋಗೂದ ಬ್ಯಾಡ. ಅವನ ಇಲ್ಲಿಗೆ ಬಂದಾನ. ಇನ್ನ ಚುಚ್ಚರಿ."

ಚಂದ್ರಿಯ ತಲೆಯನ್ನು ತಾನೇ ತೊಡೆಗೆ ಒತ್ತಿ ಹಿಡಿದಳು. ಸೂಜಿ ಇಳಿದಾಗ ಚಂದ್ರಿಗಿಂತ ಮೊದಲು ಸಾವಕ್ಕನೇ "ಅವ್ವಾ!" ಎಂದಳು. ಓಣಿ ನಕ್ಕಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿರೇಬೇನೆ ಹೊಳೆ ದಾಟಿ ನಮ್ಮ ಕಡೆಗೂ ಬಂತು. ಲಸಿಕೆ ಬೇಡವೆಂದ ದೊಡ್ಡಿಗಳ ಗೋಳು ಇಲ್ಲಿ ಹೇಳಲಾರೆ. ಸಾವಕ್ಕನ ಆಡುಗಳು ಗಟ್ಟಿ ನಿಂತವು. ಚಂದ್ರಿ ತಂಬಿಗೆ ತುಂಬಿಸುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಗೋಡೆಯ ಮೇಲೆ ಮಜ್ಜಿಗೆಯ ಚರಗಿ ಕಾಣಿಸಿತು.

"ತಗೋ ಬೇ ಶೇವಂತೀ. ನಿನ್ನ ಮ್ಯಾಲ ಸುಮ್ಮನ ಸಂಶೆ ಪಟ್ನಿ. ಹೊಟ್ಟ್ಯಾಗ ಹಾಕ್ಕೋ," ಎಂದಳು ಸಾವಕ್ಕ. ನಾನು ಕಾವಿಗೆ ಕೂತ ನನ್ನ ಕೋಳಿಯನ್ನು ತತ್ತಿ, ಬುಟ್ಟಿ ಸಮೇತ ಗೋಡೆ ದಾಟಿಸಿ ಭಾಗ್ಯಾಳ ಕೈಗೆ ಕೊಟ್ಟೆ.

ಮರುವರ್ಷ ಕೋಳಿ ಲಸಿಕೆ ಬಂದ ಸಂಜೆ ಆ ಮನೆಗೆ ಇಣುಕಿದೆ. ಸಾವಕ್ಕ ಥರ್ಮಾಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿಗಿಟ್ಟು, ಮುಂದೆ ಕಾವಲು ಕೂತಿದ್ದಳು. ಅಪ್ಪಾಸಾಬ ನೀರು ಕುಡಿಯಲು ಅತ್ತ ಹೋದದ್ದಕ್ಕೂ ಬೈಸಿಕೊಂಡ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಕೇಳುವ ಹಿರಿಯರೇ, ನಿಮ್ಮ ಕೋಳಿಗೆ, ಆಡಿಗೆ ರೋಗ ಬರುವ ಮುಂಚೆಯೇ ಲಸಿಕೆ ಹಾಕಿಸಿ. ಯಾವಾಗ, ಯಾವುದಕ್ಕೆ ಎಂದು ಹತ್ತಿರದ ದನದ ದವಾಖಾನೆಯಲ್ಲಿ ಕೇಳಿ. ಬಾಟ್ಲಿ ದವಾಖಾನೆ ಬಿಟ್ಟ ಗಳಿಗೆಯಿಂದ ಹನಿ ಬೀಳುವವರೆಗೆ ಐಸಿನಲ್ಲೇ ಇರಲಿ. ಅಂಗಿಯ ಕಿಸೆ ಬೇಡ, ಒಲೆಯ ಗೂಡು ಬೇಡ, ದೀಪದ ಮಗ್ಗುಲೂ ಬೇಡ. ಹನಿ ಹಾಕಿ ಉಳಿದ ಲಸಿಕೆಯನ್ನು ನಾಳೆಗೆ ಇಡಬೇಡಿ. ಇದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ ಸುಮ್ಮನಾಗಬೇಡಿ, ಎಲ್ಲರಿಗೂ ಹೇಳಿ.

ಲಸಿಕೆ ಹಾಕಿದ ಮೇಲೂ ಕೋಳಿ ಸತ್ತರೆ ಲಸಿಕೆಯನ್ನು ಬೈಯುವ ಮೊದಲು, ಪಕ್ಕದ ಮನೆಯವಳನ್ನು ಓರೆಗಣ್ಣಿನಿಂದ ನೋಡುವ ಮೊದಲು, ಮನೆಯವರೆಲ್ಲ ಕೂತು ಒಂದೇ ಒಂದು ಮಾತು ಕೇಳಿಕೊಳ್ಳಿ: ಆ ಬಾಟ್ಲಿ ರಾತ್ರಿ ಎಲ್ಲಿತ್ತು? ಸಿಟ್ಟಿನಿಂದ ಕೇಳಬೇಡಿ. ಸಿಟ್ಟಿನಿಂದ ಕೇಳಿದ್ದರೆ ನಮ್ಮ ಸಾವಕ್ಕ ಇಂದಿಗೂ ಹೇಳುತ್ತಿರಲಿಲ್ಲ.